ಫೋನ್ ಇಲ್ಲ, ಇ-ಮೇಲ್ ಮಾಡಿ

ಕಲಬುರಗಿಯ ಬ್ರಹ್ಮಪುರದಲ್ಲಿ ಒಂದು ಹಳೆಯ ಕಲ್ಲುಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ನನ್ನ ಕೆಲಸ. ಕೆಳಗೆ ರಸ್ತೆಗೆ ಬಾಗಿಲಿದ್ದ ಒಂದೇ ಕೋಣೆಯಲ್ಲಿ ಮಲ್ಕಮ್ಮನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ವಕೀಲರ ಅರ್ಜಿ, ಯೂನಿವರ್ಸಿಟಿ ಹುಡುಗರ ಪ್ರಬಂಧ, ಎಲ್ಲವನ್ನೂ ಆಕೆ ಕಂಪ್ಯೂಟರಿನಲ್ಲಿ ಜೋಡಿಸಿಕೊಡುತ್ತಿದ್ದಳು.

2001ರ ಬೇಸಿಗೆ. ಶಾಲೆಗೆ ರಜೆ. ಒಂದು ಮುಂಜಾನೆ ರುಮಾಲು ಸುತ್ತಿದ ಮುತ್ಯಾ ಒಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಸುರುಳಿ ಸುತ್ತಿದ ಕಾಗದ.

"ಯಾರು ಬೇಕಾಗಿತ್ರಿ?" ಎಂದೆ.

"ಕೆಳಗ ಬೋರ್ಡಿನ ಮ್ಯಾಲ ಬರ್ದಾರಲ್ರಿ, ಫೋನ್ ಇಲ್ಲ, ಈ ಮೇಲ್ ಮಾಡ್ರಿ ಅಂತ. ಅದಕ್ಕ ಮ್ಯಾಲ ಬಂದೀನಿ. ಇನ್ನ ಏನ್ ಮಾಡ್ಬೇಕು ಹೇಳ್ರಿ."

ನಗು ತಡೆಯಲಾಗಲಿಲ್ಲ. ಅವರನ್ನು ಕೂರಿಸಿ ನೀರು ಕೊಟ್ಟು, ಕೆಳಗೆ ಕರೆದುಕೊಂಡು ಹೋದೆ. ಮಲ್ಕಮ್ಮ ಅವರ ಕಾಗದ ತೆಗೆದುಕೊಂಡು ನನ್ನ ಮುಖ ನೋಡಿದಳು. ನಾನು ಒಂದು ಚೀಟಿಯಲ್ಲಿ ನಡೆದದ್ದನ್ನು ಬರೆದು ತೋರಿಸಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮುತ್ಯಾನೂ ಜೊತೆಗೆ ನಕ್ಕರು. ಆ ಬೇಸಿಗೆಯಲ್ಲಿ ಹಾಗೆ ಮೆಟ್ಟಿಲು ಹತ್ತಿ ಬಂದವರು ಅವರೊಬ್ಬರೇ ಅಲ್ಲ.

ಚೀಟಿ ಯಾಕೆಂದರೆ ಮಲ್ಕಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ಆಕೆಯ ಕಥೆಯಲ್ಲಿ ಬಹಳಷ್ಟು ನನಗೆ ಗೊತ್ತಾದದ್ದು ಅಂಥ ಚೀಟಿಗಳಿಂದಲೇ.

ಆಕೆ ಹುಟ್ಟಿದ್ದು ಕಮಲಾಪುರದಲ್ಲಿ. ಹುಮನಾಬಾದ್ ರಸ್ತೆಯ ಮೇಲಿನ ಆ ಊರಿನ ಕೆಂಪು ಬಾಳೆಹಣ್ಣನ್ನು ಕಲಬುರಗಿಯವರು ಈಗಲೂ ದುಂಬಾಲು ಬಿದ್ದು ತರಿಸಿಕೊಳ್ಳುತ್ತಾರೆ. ಅಪ್ಪನಿಗೂ ಅಂಥದೊಂದು ಸಣ್ಣ ತೋಟವಿತ್ತು. ಅವ್ವ ಪುತಳಾಬಾಯಿ ಊರಿಗೇ ಹೆಸರಾದ ಮಾತುಗಾತಿ. ಬಾವಿಗೆ ಹೋದರೆ ಕೊಡ ತುಂಬಿದ ಮೇಲೂ ಆಕೆಯ ಮಾತು ಮುಗಿಯುತ್ತಿರಲಿಲ್ಲವಂತೆ. ಮಲ್ಕಮ್ಮ ಮೂರನೇ ಇಯತ್ತೆಯಲ್ಲಿದ್ದಾಗ ಮೆದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಬಾಯಿ ಇತ್ತು, ಆದರೆ ತನ್ನ ದನಿ ತನಗೇ ಕೇಳದ ಮೇಲೆ ಮಾತು ಏರುಪೇರಾಗತೊಡಗಿತು. ಶಾಲೆಯ ಹುಡುಗರು ಅದನ್ನು ಆಡಿ ತೋರಿಸಿ ನಗುತ್ತಿದ್ದರು. ಆಕೆ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು. ಆದರೆ ಶಾಲೆ ಬಿಡಲಿಲ್ಲ. ಕರಿಹಲಗೆಯ ಮೇಲಿನದನ್ನು ಓದಿ, ಪಕ್ಕದವಳ ಪಾಟಿ ನೋಡಿ ಬರೆದು, ಏಳನೇ ಇಯತ್ತೆ ಪಾಸಾದಳು.

ಮನೆಯಲ್ಲಿ ಅವರದೇ ಕೈಸನ್ನೆಗಳು ಬೆಳೆದವು. ಊಟಕ್ಕೊಂದು, ನೀರಿಗೊಂದು, ಅಣ್ಣ ಕಾಶಿರಾಯನಿಗೆ ಮೀಸೆ ತೀಡಿದಂತೆ ಒಂದು. ಅಷ್ಟು ಮಾತಾಡುವ ಪುತಳಾಬಾಯಿ ಮಗಳ ಮುಂದೆ ಬಂದರೆ ನಾಲ್ಕು ಸನ್ನೆಯಲ್ಲಿ ಎಲ್ಲ ಮುಗಿಸುತ್ತಿದ್ದಳು.

1984ರಲ್ಲಿ ಅಪ್ಪ ತೀರಿಕೊಂಡ ಮೇಲೆ ಕಾಶಿರಾಯ ತಂಗಿಯನ್ನು ಕಲಬುರಗಿಗೆ ಕರೆತಂದು, ಪರಿಚಯದ ದತ್ತಪ್ಪ ಎಂಬವರ ಪ್ರೆಸ್ಸಿನಲ್ಲಿ ಕಾಗದ ಮಡಚುವ ಕೆಲಸಕ್ಕೆ ಹಚ್ಚಿದ. ಆಕೆಗೆ ಉಳಿಯಲು ಪ್ರೆಸ್ಸಿನ ಹಿಂದೆಯೇ ದತ್ತಪ್ಪನವರ ಮನೆ ಇತ್ತು. ಪ್ರೆಸ್ಸಿನಲ್ಲಿ ಟ್ರೆಡಲ್ ಮಷೀನು ದಡಬಡ ಎನ್ನುತ್ತಿದ್ದರೆ ಕಿವಿ ಇದ್ದವರೂ ಒಬ್ಬರ ಮಾತು ಒಬ್ಬರು ಕೇಳುತ್ತಿರಲಿಲ್ಲ. ಎಲ್ಲರೂ ಕೈಬಾಯಿ ಆಡಿಸಿಯೇ ಕೆಲಸ ನಡೆಸುವ ಜಾಗ ಅದು. ಮಲ್ಕಮ್ಮ ನನಗೊಮ್ಮೆ ಬರೆದು ಕೊಟ್ಟಿದ್ದಳು: "ಅಲ್ಲಿ ಎಲ್ಲಾರೂ ನನ್ನಂಗೇ ಇದ್ರು, ಅಕ್ಕೋರೆ."

ಕಾಗದ ಮಡಚುತ್ತಲೇ ಆಕೆ ಮೊಳೆ ಜೋಡಿಸುವವರ ಕೈ ನೋಡುತ್ತಿದ್ದಳು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆಯ್ದು, ಉಲ್ಟಾ ಸಾಲಾಗಿ ಇಡುವ ಕೆಲಸ ಅದು. ಒಂದು ಸಲ ಜೋಡಿಸುವವನು ರಜೆ ಹಾಕಿದಾಗ ಆಕೆಯೇ ಒಂದು ಹ್ಯಾಂಡ್‌ಬಿಲ್ಲು ಕಟ್ಟಿ ದತ್ತಪ್ಪನವರ ಮುಂದಿಟ್ಟಳು. ಅವರು ಪ್ರೂಫು ತೆಗೆಸಿ ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಮರುದಿನದಿಂದ ಮೊಳೆಯ ಕೇಸಿನ ಮುಂದೆ ಆಕೆಗೊಂದು ಸ್ಟೂಲು ಬಂತು. ಹನ್ನೆರಡು ವರ್ಷ ಆಕೆ ಆ ಸ್ಟೂಲಿನ ಮೇಲೆ ಕೂತಳು. ಊರಿನ ಅರ್ಧ ಲಗ್ನಪತ್ರಿಕೆಗಳ ಅಕ್ಷರಗಳು ಆಕೆಯ ಬೆರಳಿನಿಂದ ಬಂದವು.

ಆಮೇಲೆ ಕಂಪ್ಯೂಟರು ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿ ಮಾರಿ ದತ್ತಪ್ಪ ಪ್ರೆಸ್ಸು ಮುಚ್ಚಿದರು. ಜೊತೆಗಿದ್ದವರಲ್ಲಿ ಕೆಲವರು ಊರಿಗೆ ಹೋದರು, ಒಬ್ಬ ಪಾನ್ ಅಂಗಡಿ ಹಾಕಿದ. ಮಲ್ಕಮ್ಮ ಉಳಿಸಿದ್ದ ಹಣದಲ್ಲಿ ಡಿಟಿಪಿ ಕಲಿತಳು. ಕಲಿಸುವವನ ಬಾಯಿ ನೋಡದೆ ಅವನ ಕೈ ಮತ್ತು ಪರದೆ ನೋಡಿ ಕಲಿತಳು. ಒಂದು ಹಳೆಯ ಕಂಪ್ಯೂಟರು ಕೊಂಡು, 1998ರಲ್ಲಿ ನಮ್ಮ ಮನೆಯ ಕೆಳಗಿನ ಕೋಣೆ ಹಿಡಿದಳು. ಒಳಗಿನ ಸಣ್ಣ ಕೋಣೆಯಲ್ಲೇ ಆಕೆಯ ಒಲೆ, ಹಾಸಿಗೆ.

ಇ-ಮೇಲ್ ಎಂಬ ಮಾತು ಆಕೆಯ ಕಣ್ಣಿಗೆ ಮೊದಲು ಬಿದ್ದದ್ದು ಆ ವರ್ಷವೇ. ಯೂನಿವರ್ಸಿಟಿಯ ಪ್ರೊಫೆಸರರೊಬ್ಬರು ವಿಸಿಟಿಂಗ್ ಕಾರ್ಡು ಮಾಡಿಸಲು ಬಂದಿದ್ದರು. ಹೆಸರು, ಕುಸನೂರ ರಸ್ತೆಯ ವಿಳಾಸ, ಫೋನ್ ನಂಬರು, ಅದರ ಕೆಳಗೆ ಇನ್ನೊಂದು ಸಾಲು. ಆ ಸಾಲಿನ ನಡುವೆ ಬಾಲ ಸುತ್ತಿಕೊಂಡ ಒಂದು ಅಕ್ಷರ. ಇಷ್ಟು ವರ್ಷ ಅಕ್ಷರಗಳ ನಡುವೆಯೇ ಬದುಕಿದವಳು ಅಂಥದನ್ನು ಕಂಡಿರಲಿಲ್ಲ. ಪೆನ್ನು ಜಾರಿದೆ ಎಂದುಕೊಂಡು ಅಲ್ಲೊಂದು ಬರಿಯ ಎ ಹಾಕಿದಳು. ಪ್ರೂಫು ನೋಡಿದ ಪ್ರೊಫೆಸರರು ನಕ್ಕು, ಕೀಲಿಮಣೆಯ ಮೇಲೆ ಆ ಅಕ್ಷರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ಆಕೆ ಚೀಟಿಯಲ್ಲಿ ಕೇಳಿದಳು: "ಇದು ಯಾವ ಊರಿನ ವಿಳಾಸ?" ಅವರು ಕೆಳಗೆ ಬರೆದರು: "ಯಾವ ಊರಿನದೂ ಅಲ್ಲ. ನಾನು ಎಲ್ಲಿದ್ದರೂ ಇಲ್ಲಿಗೆ ಕಾಗದ ಬರುತ್ತದೆ." ಆ ಮಾತು ಆಕೆಗೆ ಚೆಂದ ಕಂಡಿತು. ಆದರೆ ಅದು ದೊಡ್ಡವರ ಬಾಬತ್ತು ಎಂದುಕೊಂಡು ಅಲ್ಲಿಗೇ ಬಿಟ್ಟಳು.

ಆಗೆಲ್ಲ ಊರಿನ ತುಂಬ ಎಸ್‌ಟಿಡಿ ಬೂತುಗಳು. ಕಾರ್ಡಿಗೆ ಕೊಟ್ಟವರು, ಅರ್ಜಿಗೆ ಕೊಟ್ಟವರು ಎಲ್ಲ, ಒಂದು ಅಕ್ಷರ ಬದಲಾದರೂ ಫೋನ್ ಮಾಡುವವರೇ. ಮಲ್ಕಮ್ಮನ ಬೋರ್ಡಿನ ಮೇಲೆ ಪಕ್ಕದ ಕಿರಾಣಿ ಅಂಗಡಿಯ ಮರೆಪ್ಪನ ನಂಬರು ಇತ್ತು. ಫೋನ್ ಬಂದರೆ ಮರೆಪ್ಪ ಬಂದು ಬಾಯಿ ಆಡಿಸಿ ಹೇಳಬೇಕು. ನಿಧಾನವಾಗಿ ಮಾತಾಡಿದರೆ ಆಕೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಮರೆಪ್ಪ ಒಳ್ಳೆಯವನೇ. ಆದರೆ ಗಿರಾಕಿಗಳ ನಡುವೆ ಬೇಳೆ ತೂಗುತ್ತಿದ್ದವನಿಗೆ ಇದು ದಿನಾ ಹೊರೆ.

2000ದ ಲಗ್ನದ ಹಂಗಾಮಿನಲ್ಲಿ ಕೋಟನೂರಿನ ಅಮೋಘಪ್ಪ ಎಂಬವರು ಮಗಳ ಲಗ್ನಪತ್ರಿಕೆಗೆ ಕೊಟ್ಟು ಹೋಗಿದ್ದರು. ಎರಡು ದಿನದ ಮೇಲೆ ಅವರು ಮರೆಪ್ಪನ ಅಂಗಡಿಗೆ ಫೋನ್ ಮಾಡಿದರು. ಅಯ್ಯನವರು ಮುಹೂರ್ತ ಬದಲಿಸಿದ್ದಾರೆ, ಛಾಪಿಸುವುದನ್ನು ನಿಲ್ಲಿಸಿರಿ, ಹೊಸ ತಾರೀಖು ನಾಳೆ ಹೇಳುತ್ತೇನೆ ಎಂದು. ಅಂಗಡಿಯ ಗದ್ದಲದಲ್ಲಿ ಮರೆಪ್ಪನಿಗೆ ಏನು ಕೇಳಿಸಿತೋ, ಬಾಗಿಲಿನಿಂದಲೇ ಮಲ್ಕಮ್ಮನಿಗೆ ಕೈಯೆತ್ತಿ ಆಗಲಿ, ಛಾಪಿಸು ಎಂದು ಸನ್ನೆ ಮಾಡಿ ಹೋಗಿಬಿಟ್ಟ. ಆಕೆ ಛಾಪಿಸಲು ಕಳಿಸಿದಳು.

ಅಮೋಘಪ್ಪ ಬಂದು ಹಳೆಯ ತಾರೀಖಿನ ಪತ್ರಿಕೆಗಳ ಕಟ್ಟು ನೋಡಿ ಕೆಂಡವಾದರು. ಗಲಾಟೆ ಕೇಳಿ ನಾನು ಕೆಳಗಿಳಿದು ಬಂದೆ. ಮರೆಪ್ಪನೂ ಓಡಿ ಬಂದ.

"ನಾ ಬರೋಬ್ಬರಿ ಹೇಳೀನ್ರಿ. ಆಕಿಗಿ ಕಿವಿ ಕೇಳ್ಸಂಗಿಲ್ಲ, ನಾ ಏನ್ ಮಾಡ್ಲಿ?" ಎಂದ.

ಆ ಮಾತನ್ನು ಅವನು ನಿಧಾನವಾಗಿ, ಒತ್ತಿ ಒತ್ತಿ ಹೇಳಿದ. ಮಲ್ಕಮ್ಮ ಅವನ ತುಟಿಯನ್ನೇ ನೋಡುತ್ತಿದ್ದಳು. ಒಂದಕ್ಷರವೂ ತಪ್ಪದೆ ಓದಿಕೊಂಡಳು. ಆಕೆಯ ಮುಖ ನೋಡಿ ನಾನು ಕಣ್ಣು ತಗ್ಗಿಸಿದೆ.

ಆಕೆ ಎಲ್ಲ ಪತ್ರಿಕೆಗಳನ್ನು ತನ್ನ ಖರ್ಚಿನಲ್ಲೇ ಮತ್ತೆ ಮಾಡಿಸಿ ಕೊಟ್ಟಳು. ಮರುದಿನ ಮುಂಜಾನೆ ಸ್ಟೂಲು ಹಾಕಿಕೊಂಡು ಬೋರ್ಡಿನ ಮೇಲಿನ ಮರೆಪ್ಪನ ನಂಬರಿಗೆ ತಾನೇ ಬಣ್ಣ ಬಳಿದಳು. ನಾನು ಕೇಳಿದ್ದಕ್ಕೆ ಬರೆದು ತೋರಿಸಿದಳು: "ನನ್ನ ಮಾತು ಇನ್ನ ಯಾರ ಬಾಯಾಗೂ ಇಡಂಗಿಲ್ಲ."

ಕೆಲಸ ಕಡಿಮೆಯಾಗುತ್ತ ಬಂತು. ಫೋನ್ ಇಲ್ಲದ ಅಂಗಡಿಗೆ ಜನ ಯಾಕೆ ಬರುತ್ತಾರೆ? ಸುದ್ದಿ ಕೇಳಿ ಕಾಶಿರಾಯ ಕಮಲಾಪುರದಿಂದ ಬಂದ. ತಂಗಿಯ ಎದುರು ಕೂತು, ಆಕೆಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದ.

"ಊರಿಗಿ ನಡಿ, ಮಲ್ಕೀ. ಈ ಕಾಲದಾಗ ಫೋನ್ ಎತ್ತಾಕ ಬರಲ್ದವ್ರಿಗಿ ಯಾರ್ ಕೆಲ್ಸ ಕೊಡ್ತಾರ? ಮನಿ ಅದ, ತ್ವಾಟ ಅದ. ಅವ್ವನ ಜೋಡಿ ಇದ್ದಿರ್ತಿ."

ಅವನಿಗೆ ತಂಗಿಯ ಮೇಲೆ ಪ್ರೀತಿ ಇತ್ತು, ಅದು ಆಕೆಗೂ ಗೊತ್ತಿತ್ತು. ದೀಪಾವಳಿಯವರೆಗೆ ನೋಡುತ್ತೇನೆ ಎಂದು ದೀಪ ಹಚ್ಚಿದಂತೆ ಸನ್ನೆ ಮಾಡಿ ತೋರಿಸಿದಳು. ಅವನು ತಲೆ ಸವರಿ ಹೋದ.

ಅವನು ಹೋದ ಮೇಲೆ ಆಕೆ ಹಳೆಯ ಮಾದರಿ ಕಾರ್ಡುಗಳ ಡಬ್ಬಿ ತೆಗೆದು ಪ್ರೊಫೆಸರರ ಕಾರ್ಡು ಹುಡುಕಿದಳು. ಬಾಲದ ಅಕ್ಷರದ ಸಾಲನ್ನು ನೋಡುತ್ತ ಕೂತಳು. ಎಲ್ಲಿದ್ದರೂ ಕಾಗದ ಬರುತ್ತದೆ ಎಂದಿದ್ದರಲ್ಲ. ಎಷ್ಟು ಬೇಗ ಬರುತ್ತದೆ ಎಂದು ಆಗ ಕೇಳಿರಲಿಲ್ಲ. ಸೂಪರ್ ಮಾರ್ಕೆಟ್ ಹತ್ತಿರ ಹೊಸದಾಗಿ ಇಂಟರ್ನೆಟ್ ಸೆಂಟರ್ ಶುರುವಾಗಿತ್ತು. ಅದನ್ನು ನಡೆಸುತ್ತಿದ್ದವಳು ಶಾಹಜಾದಿ, ಬಿ.ಕಾಂ. ಮುಗಿಸಿದ ಚುರುಕಿನ ಹೆಣ್ಣುಮಗಳು. ಮಲ್ಕಮ್ಮ ಅಲ್ಲಿಗೆ ಹೋಗಿ ಕಾರ್ಡಿನ ಆ ಸಾಲು ತೋರಿಸಿ, ಒಂದು ಚೀಟಿ ಮುಂದಿಟ್ಟಳು: "ಇದಕ್ಕ ಕಿವಿ ಬೇಕೇನು?"

ಶಾಹಜಾದಿ ಚೀಟಿ ಓದಿ ಆಕೆಯ ಮುಖ ನೋಡಿದಳು. ಪೆನ್ನು ಇಸಿದುಕೊಂಡು ಅದರ ಕೆಳಗೇ ಬರೆದಳು: "ಬೆರಳ್ ಬೇಕು, ಕಣ್ಣ್ ಬೇಕು. ಕಿವಿ ಯಾಕ ಬೇಕು?"

ಆ ಚೀಟಿಯನ್ನು ಮಲ್ಕಮ್ಮ ನನಗೆ ತಂದು ತೋರಿಸಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಿದ್ದಳು.

ಶಾಹಜಾದಿ ಆಕೆಗೊಂದು ವಿಳಾಸ ಮಾಡಿಕೊಟ್ಟು, ತಾನು ಪಕ್ಕದ ಕಂಪ್ಯೂಟರಿನಲ್ಲಿ ಕೂತು ಮೊದಲ ಮೇಲ್ ಕಳಿಸಿದಳು. ಕನ್ನಡ ಅಕ್ಷರ ಹಾಕಿದರೆ ಆಗ ಬರೀ ಚೌಕಾಕಾರದ ಡಬ್ಬಿಗಳು ಕಾಣುತ್ತಿದ್ದವು. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. "ಸಲಾಂ ಮಲ್ಕಮ್ಮ, ಊಟಾ ಆಯ್ತಾ?" ಎಂದಿತ್ತು. ಮಲ್ಕಮ್ಮ ಒಂದೊಂದೇ ಕೀಲಿ ಒತ್ತಿ, "ಆಯ್ತು. ನಿಂದು?" ಎಂದು ಉತ್ತರ ಕಳಿಸಿದಳು. ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಬಹಳ ಹೊತ್ತು ಹಾಗೆ ಮಾತಾಡಿದರಂತೆ. ನಿಮ್ಮ ಊರು ಯಾವುದು, ಬದನಿಕಾಯಿ ಪಲ್ಯಕ್ಕೆ ಹುಣಸಿ ಹುಳಿ ಹಾಕ್ತೀರೇನು, ಇಂಥವೇ. ಮಾರನೇ ದಿನ ಆಕೆ ಪ್ರೊಫೆಸರರಿಗೆ ಬರೆದಳು. ಗಂಟೆಯೊಳಗೆ ಉತ್ತರ ಬಂತು. ಅವರ ವಿದ್ಯಾರ್ಥಿಗಳ ಪ್ರಬಂಧ ಮಾಡಿಕೊಡುತ್ತೀರಾ, ತಿದ್ದುಪಡಿಗಳನ್ನು ಹೀಗೇ ಮೇಲ್‌ನಲ್ಲಿ ಕಳಿಸಬಹುದಲ್ಲ, ಎಂದು ಅವರೇ ಕೇಳಿದ್ದರು.

ಆ ವಾರವೇ ಬೋರ್ಡು ಹೊಸದಾಯಿತು. ಮೊದಲ ಸಾಲು, ಫೋನ್ ಇಲ್ಲ. ಎರಡನೆಯದು, ಇ-ಮೇಲ್ ಮಾಡಿ. ಅದರ ಕೆಳಗೆ ವಿಳಾಸ. ಬಂದ ಮೇಲ್ ನೋಡಲು ಆಕೆ ದಿನಕ್ಕೆರಡು ಸಲ ಶಾಹಜಾದಿಯ ಸೆಂಟರಿಗೆ ಹೋಗಿ ಬರುತ್ತಿದ್ದಳು.

ಬ್ರಹ್ಮಪುರದ ನಮ್ಮ ಓಣಿಗೆ ಆ ಮಾತು ಬಂದದ್ದು ಹೀಗೆ. ಮುತ್ಯಾನಂಥವರು ಅದನ್ನು ಮೇಲೆ ಎಂದು ಓದಿ ನನ್ನ ಮನೆಗೆ ಹತ್ತಿದರು. ಮರೆಪ್ಪ, "ಮದ್ರಾಸ್ ಮೇಲ್ ಗೊತ್ತದ, ಬೊಂಬಾಯಿ ಮೇಲ್ ಗೊತ್ತದ. ಇದ್ಯಾವ ಗಾಡಿ ಹೊಸಾದು?" ಎಂದು ಗಿರಾಕಿಗಳ ಮುಂದೆ ನಗಾಡಿದ. ಶಾಹಜಾದಿ ನನ್ನೆದುರು ಹೇಳಿದ್ದಳು: "ನಮ್ ಮನ್ಯಾಗ ಉರ್ದುದಾಗ ಮೇಲ್ ಅಂದ್ರ ಮಂದಿ ಮಂದಿ ಕೂಡೋದ್ರಿ, ದೋಸ್ತಿ ಆಗೋದು. ನಮ್ ಅಮ್ಮಿ ಅದೇ ತಿಳ್ಕೊಂಡಾಳ. ದಿನಾ ಕೇಳ್ತಾಳ, ಇವತ್ತ ಯಾರ್ ಯಾರ್ ಕೂಡಿದ್ರು ಅಂತ."

ಮಲ್ಕಮ್ಮ ಹಟ ಬಿಡಲಿಲ್ಲ. ತಿದ್ದುಪಡಿ ಇದ್ದರೆ ಒಂದೋ ಬಂದು ಬರೆದುಕೊಡಬೇಕು, ಇಲ್ಲ ಇ-ಮೇಲ್ ಮಾಡಬೇಕು. ಗೊತ್ತಿಲ್ಲದವರಿಗೆ ಶಾಹಜಾದಿಯ ಸೆಂಟರಿನ ದಾರಿ ಬರೆದ ಸಣ್ಣ ಚೀಟಿ ಕೊಡುತ್ತಿದ್ದಳು. ಗೊಣಗಿದವರಿದ್ದರು, ಬಿಟ್ಟು ಹೋದವರೂ ಇದ್ದರು. ಆದರೆ ವಕೀಲರಿಗೆ ಇದು ಹಿಡಿಸಿತು. ಯಾರು, ಯಾವಾಗ, ಏನು ಹೇಳಿದರು ಎಲ್ಲವೂ ಅಲ್ಲಿ ನಿಂತಿರುತ್ತದೆ. ಹೇಳಿದೆ, ಹೇಳಿಲ್ಲ ಎಂಬ ಜಗಳವೇ ಇಲ್ಲ. ಯೂನಿವರ್ಸಿಟಿಯ ಹುಡುಗರು ಒಬ್ಬರಿಂದ ಒಬ್ಬರು ಕೇಳಿ ಬಂದರು. ಕೆಲವರು ಆಕೆಗೆ ಕಿವಿ ಕೇಳುವುದಿಲ್ಲ ಎಂಬುದನ್ನೇ ತಿಳಿಯದೆ ತಿಂಗಳುಗಟ್ಟಲೆ ಕೆಲಸ ಮಾಡಿಸಿದರು. ಅವರಲ್ಲೊಬ್ಬ ಬಂದು ಬಾಗಿಲಲ್ಲಿ ನಿಂತು ಮಲ್ಕಮ್ಮಾರೆ, ಮಲ್ಕಮ್ಮಾರೆ ಎಂದು ಕೂಗಿ, ಕೊನೆಗೆ ನಾನು ಹೇಳಿದ ಮೇಲೆ ಬೆಪ್ಪಾಗಿ ನಿಂತ. "ಅವ್ರು ಎಷ್ಟ್ ಛಂದ ಮಾತಾಡ್ತಾರ‍್ರೀ ಮೇಡಂ," ಎಂದ. ನಾನು ಅದನ್ನು ಹಾಗೇ ಬರೆದು ಮಲ್ಕಮ್ಮನಿಗೆ ಕೊಟ್ಟೆ. ಆಕೆ ಅದನ್ನು ಓದಿ ಕಂಪ್ಯೂಟರಿನ ಕಡೆ ತಿರುಗಿಕೊಂಡಳು. ಕಿವಿಯವರೆಗೆ ಮುಖ ಕೆಂಪಾಗಿತ್ತು.

ಆ ದೀಪಾವಳಿಗೆ ಆಕೆ ಊರಿಗೆ ಹೋದಳು, ಹಬ್ಬ ಮುಗಿಸಿಕೊಂಡು ಮರಳಿ ಬಂದಳು. ಕಾಶಿರಾಯ ಮತ್ತೆ ಆ ಮಾತು ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿಗೆ ಬೇರೆ ಬಗೆಯ ಜನ ಬರುತ್ತಿದ್ದರು. ಕಲಬುರಗಿಯ ಕಿವಿ ಕೇಳದವರು. ಟೇಲರ್ ಲಾಲ್ ಅಹ್ಮದ್ ಅವರಲ್ಲಿ ಹಿರಿಯ, ಹುಟ್ಟಿನಿಂದಲೇ ಕೇಳದವನು, ಅಕ್ಷರವೂ ಹೆಚ್ಚು ಬಾರದು. ಅವನು ಬೋರ್ಡು ತೋರಿಸಿ ಇದೇನು ಎಂದು ಕೇಳಿದ. ಮಲ್ಕಮ್ಮನಿಗೆ ಬರೆದು ಹೇಳುವಂತಿರಲಿಲ್ಲ, ಸನ್ನೆ ಬೇಕಿತ್ತು, ಆ ಮಾತಿಗೆ ಅವರ ನಡುವೆ ಸನ್ನೆಯೇ ಇರಲಿಲ್ಲ. ನಾನು ಅಲ್ಲೇ ಇದ್ದೆ. ಆಕೆ ಸ್ವಲ್ಪ ಯೋಚಿಸಿ, ಎಡ ಅಂಗೈ ಮೇಲೆ ಬಲ ಮುಷ್ಟಿಯಿಂದ ಅಂಚೆಯವರ ಹಾಗೆ ಮುದ್ರೆ ಒತ್ತಿದಳು. ಅದು ಕಾಗದ, ಎಲ್ಲರಿಗೂ ಗೊತ್ತಿದ್ದದ್ದೇ. ಆಮೇಲೆ ಆ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಶೇಂಗಾ ಸಿಪ್ಪೆ ಊದಿದಂತೆ ಉಫ್ ಎಂದು ಊದಿದಳು.

ಲಾಲ್ ಅಹ್ಮದ್ ಗಾಳಿಯಲ್ಲಿ ಆ ಕಾಗದ ಹೋದ ದಿಕ್ಕನ್ನು ನೋಡಿದ. ಮತ್ತೆ ಆಕೆಯನ್ನು ನೋಡಿ, ತಾನೂ ಹಾಗೇ ಮಾಡಿದ. ಅಂಗಡಿಯಲ್ಲಿದ್ದವರೆಲ್ಲ ಅಂಗೈ ಊದತೊಡಗಿದರು.

ಮುಂದಿನ ವರ್ಷ ಒಂದು ಸಂಜೆ ಆಕೆ ಬಸ್ ಸ್ಟ್ಯಾಂಡಿನಿಂದ ಬಂದವಳೇ ನನ್ನನ್ನು ಹುಡುಕಿಕೊಂಡು ಬಂದಳು. ಕಮಲಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಆಕೆಗೆ ಪರಿಚಯವೇ ಇಲ್ಲದ ಇಬ್ಬರು ತರುಣರು ಪ್ಲಾಟ್‌ಫಾರ್ಮಿನ ಮೇಲೆ ಸನ್ನೆಯಲ್ಲಿ ಮಾತಾಡುತ್ತಿದ್ದರಂತೆ. ಒಬ್ಬ ಇನ್ನೊಬ್ಬನಿಗೆ ಅಂಗೈ ಒತ್ತಿ ಊದಿ ತೋರಿಸಿದ. ಆಕೆ ಬಸ್ಸನ್ನೇ ಬಿಟ್ಟು ಅದನ್ನು ಹೇಳಲು ಓಡಿ ಬಂದಿದ್ದಳು. ಚೀಟಿಯಲ್ಲಿ ಬರೆದಿದ್ದು ಒಂದೇ ಸಾಲು: "ಅವ್ರಿಗಿ ಯಾರ್ ಕಲಿಸ್ಯಾರೋ ಏನೋ!"

ಇದೆಲ್ಲ ನೋಡುತ್ತಲೇ ಇದ್ದ ಮರೆಪ್ಪ ಒಂದು ದಿನ ಮೆಲ್ಲಗೆ ಅಂಗಡಿಗೆ ಬಂದ. ಅವನ ಸೊಸೆಯ ಅಣ್ಣ ದುಬೈಯಲ್ಲಿದ್ದ. ಅವನಿಗೊಂದು ಸುದ್ದಿ ಕಳಿಸಬೇಕಿತ್ತು. ಆ ಹೊತ್ತಿಗೆ ಅಂಗಡಿಯ ಕಂಪ್ಯೂಟರಿಗೇ ಇಂಟರ್ನೆಟ್ ಲೈನು ಬಂದಿತ್ತು. ಮಲ್ಕಮ್ಮ ಸ್ಟೂಲು ತೋರಿಸಿ ಕೂರಿಸಿ, ಅವನ ತುಟಿ ನೋಡುತ್ತ ಟೈಪು ಮಾಡಿದಳು. ಮುಗಿದ ಮೇಲೆ ಅವನು ಏಳಲಿಲ್ಲ. ಆಕೆಯ ಎದುರಿಗೆ ಮುಖವಿಟ್ಟು, ನಿಧಾನವಾಗಿ ಹೇಳಿದ: "ಅವತ್ತಿಂದು ತಪ್ಪ್ ನಂದಿತ್ತು, ತಂಗಿ. ಗದ್ದಲದಾಗ ಕೇಳ್ದೇ ಇದ್ದದ್ದು ನನಗ." ಆಕೆ ತಲೆಯಾಡಿಸಿ, ಅವನ ಮೇಲ್ ಹೋಯಿತೋ ಇಲ್ಲವೋ ಎಂದು ಪರದೆಯನ್ನು ತಿರುಗಿಸಿ ತೋರಿಸಿದಳು.

2003ರ ಮಳೆಗಾಲದಲ್ಲಿ ಕಮಲಾಪುರದಲ್ಲೂ ಇಂಟರ್ನೆಟ್ ಇದ್ದ ಕಂಪ್ಯೂಟರ್ ಬಂತು. ನಬಿಸಾಬ್ ಎಂಬವನ ಝೆರಾಕ್ಸ್ ಅಂಗಡಿಯಲ್ಲಿ. ಪುತಳಾಬಾಯಿಗೆ ಓದು ಬರಹ ಬಾರದು. ಆದರೆ ಮಗಳು ಹಬ್ಬಕ್ಕೆ ಬಂದಾಗ ಅಂಗೈ ಊದಿ ತೋರಿಸಿದ್ದು ಆಕೆಯ ತಲೆಯಲ್ಲಿತ್ತು. ಒಂದು ದಿನ ಕಾಶಿರಾಯ ಬರೆದುಕೊಟ್ಟ ವಿಳಾಸ ಹಿಡಿದು ನಬಿಸಾಬನ ಅಂಗಡಿಗೆ ಹೋಗಿ, ಹೀಗೆ ಹೀಗೆ ಎಂದು ಅಂಗೈ ಊದಿದಳು. ನೀ ಹೇಳ್ಕೋತ ಹೋಗವ್ವ, ನಾ ಬರೀತೀನಿ ಎಂದ ನಬಿಸಾಬ್.

ಆ ಮೇಲ್ ಬಂದಾಗ ಮಲ್ಕಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಪರದೆಯ ಮುಂದೆ ಕೂರಿಸಿದಳು. ಇಂಗ್ಲಿಷ್ ಅಕ್ಷರದಲ್ಲಿದ್ದ ಅದನ್ನು ನಾನು ಗಟ್ಟಿಯಾಗಿ ಓದಿದೆ.

"ಮಲ್ಕೀ, ನಾ ನಿಮ್ಮವ್ವ ಮಾತಾಡ್ಲಾಕತ್ತೀನಿ. ಏನ್ ಹೇಳ್ಬೇಕೋ ಎವ್ವಾ, ಮನ್ಯಾಗ ಭಾಳ ನೆನಪಿದ್ದವು, ಇಲ್ಲಿ ಬಂದ ಕೂಡ್ಲೆ ಎಲ್ಲಾ ಮರ್ತ ಹೋದ್ವು. ಆಕಳ ಕರ ಹಾಕ್ಯಾದ, ಹಣಿಮ್ಯಾಲ ಬಿಳಿ ಬೊಟ್ಟದ, ನೋಡಿದ್ರ ನೀ ಬಿಡಂಗಿಲ್ಲ ಅದಕ್ಕ. ಬದುವಿನ ಕಡಿ ಬಾಳಿ ಗೊನಿ ಬಿಟ್ಟಾದ. ನಿಮ್ಮಣ್ಣನ ಹೇಣ್ತಿ ಮೊನ್ನಿ ನನಗ ಎದುರು ಮಾತಾಡಿದ್ಳು, ನಾನೂ ಬಿಡ್ಲಿಲ್ಲ, ಆಮ್ಯಾಲ ಇಬ್ರೂ ಕೂಡಿ ಹೋಳಿಗಿ ಮಾಡಿದ್ವಿ. ಇದೆಲ್ಲಾ ನಿನ್ನ ಮುಂದ ಹೇಳ್ಬೇಕಂದ್ರ ನನ್ನ ಕೈಗಿ ಬರಂಗಿಲ್ಲ ಎವ್ವಾ. ಊಟ, ನೀರು, ಹಾಸಿಗಿ, ಇಷ್ಟೇ ಬರ್ತಾವ ನನ್ನ ಕೈಗಿ. ಏ ನಬಿಸಾಬಾ, ಇದೂ ಬರ್ದೇನು? ಇದ್ ಬರೀಬ್ಯಾಡ. ಅಯ್ಯ, ನಗ್ಯಾಡ್ಕೋತ ಬರೀಲಾಕತ್ತಾನ ನೋಡು..."

ಹೀಗೇ ಇನ್ನೂ ಉದ್ದಕ್ಕಿತ್ತು. ನಬಿಸಾಬ್ ಒಂದು ಮಾತನ್ನೂ ಬಿಟ್ಟಿರಲಿಲ್ಲ. ನಾನು ಓದುತ್ತಿದ್ದಾಗ ಮಲ್ಕಮ್ಮ ನನ್ನ ತುಟಿಯನ್ನು ನೋಡುತ್ತಿದ್ದಳು. ಅದಾಗಲೇ ಆಕೆ ಅದನ್ನು ಎಷ್ಟು ಸಲ ಓದಿದ್ದಳೋ, ನನಗಿಂತ ಮೊದಲೇ ಆಕೆಯ ತುಟಿ ಅಲುಗುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದರ ನಡುವೆಯೇ ಹೋಳಿಗೆಯ ಮಾತಿಗೆ ನಗು.

ಆಮೇಲೆ ಪೆನ್ನು ತೆಗೆದುಕೊಂಡು ಬರೆದಳು: "ನಮ್ಮವ್ವ ಹಿಂಗ್ ಮಾತಾಡ್ತಾಳ ಅನ್ನೋದೇ ನನಗ ಮರ್ತಿತ್ತು."

ಮೂರನೇ ಇಯತ್ತೆಯ ಹುಡುಗಿ ಕಳೆದುಕೊಂಡಿದ್ದು ಬರೀ ಸಪ್ಪಳವನ್ನಲ್ಲ ಎಂಬುದು ನನಗೆ ಆ ಹೊತ್ತಿನವರೆಗೂ ತಿಳಿದಿರಲಿಲ್ಲ. ಅವ್ವ ಆಕೆಯ ಕಣ್ಣ ಮುಂದೆಯೇ ಇದ್ದಳು, ಉಣ್ಣಿಸಿದಳು, ತಲೆ ಬಾಚಿದಳು. ಆದರೆ ಗೊಣಗುವ, ಜಗಳ ತೆಗೆಯುವ, ಹೇಳಿದ್ದನ್ನೇ ಹೇಳುವ ಆ ಪುತಳಾಬಾಯಿ ಮೂವತ್ತು ವರ್ಷ ಈ ಮಗಳಿಗೆ ಸಿಕ್ಕಿರಲಿಲ್ಲ.

ಮಲ್ಕಮ್ಮ ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅವ್ವನಿಗೆ ಉತ್ತರ ಬರೆದಳು. ಕರುವಿಗೆ ಏನು ಹೆಸರಿಟ್ಟಿರಿ, ಅತ್ತಿಗೆ ಏನೆಂದಳು, ನೀ ಏನೆಂದೆ, ಹೋಳಿಗೆಗೆ ಬೆಲ್ಲ ಹಾಕಿದವರಾರು. ನಬಿಸಾಬ್ ಅದನ್ನು ಓದಿ ಹೇಳಿದ ಮೇಲೆ ಪುತಳಾಬಾಯಿಯನ್ನು ಹಿಡಿಯುವವರೇ ಇಲ್ಲದಾಯಿತು. ವಾರಕ್ಕೊಮ್ಮೆ, ಕೆಲವು ಸಲ ಎರಡು ಸಲ ಆಕೆ ಅಂಗಡಿಗೆ ಹೋಗಿ ಕೂರುತ್ತಿದ್ದಳು. ಝೆರಾಕ್ಸಿಗೆ ಬಂದವರೂ ನಿಂತು ಕೇಳುತ್ತಿದ್ದರು, ನಡುನಡುವೆ ತಮ್ಮದೂ ಒಂದು ಮಾತು ಸೇರಿಸುತ್ತಿದ್ದರು, ನಬಿಸಾಬ್ ಅದನ್ನೂ ಬರೆಯುತ್ತಿದ್ದ. ಕಮಲಾಪುರದ ಸುದ್ದಿಯೆಲ್ಲ ಮಲ್ಕಮ್ಮನಿಗೆ ಕಾಶಿರಾಯನಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಹಬ್ಬಕ್ಕೆ ಹೋದಾಗ ಅವ್ವ ಮಗಳು ಪರಸ್ಪರ ನೋಡಿ ಸುಮ್ಮಸುಮ್ಮನೆ ನಗುತ್ತಿದ್ದರಂತೆ, ಏನೋ ಒಳಗುಟ್ಟು ಇದ್ದವರ ಹಾಗೆ. ಕಾಶಿರಾಯನ ಹೆಂಡತಿಗೆ ಅದು ಸ್ವಲ್ಪವೂ ಸೇರುತ್ತಿರಲಿಲ್ಲ.

2006ರಲ್ಲಿ ಮಲ್ಕಮ್ಮ ಅಂಗಡಿಯನ್ನು ಕುಸನೂರ ರಸ್ತೆಗೆ, ಯೂನಿವರ್ಸಿಟಿಯ ಹತ್ತಿರಕ್ಕೆ ಒಯ್ದಳು. ಮೂರು ಕಂಪ್ಯೂಟರು ಹಾಕಿ, ಕಿವಿ ಕೇಳದ ಇಬ್ಬರು ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿದಳು. ಒಬ್ಬಳು ನೂರಜಹಾನ್, ಲಾಲ್ ಅಹ್ಮದನ ಅಕ್ಕನ ಮಗಳು. ಇನ್ನೊಬ್ಬಳು ಮಹಾದೇವಮ್ಮ, ಆಳಂದ ಕಡೆಯವಳು. ಅಷ್ಟು ಹೊತ್ತಿಗೆ ಮೊಬೈಲು ಎಲ್ಲರ ಕೈಗೆ ಬಂದು ಮೆಸೇಜು ಮಾಡುವುದು ಶುರುವಾಗಿತ್ತು, ಇ-ಮೇಲ್ ಎಂದರೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಬ್ರಹ್ಮಪುರದ ಕೋಣೆ ಖಾಲಿಯಾದ ದಿನ ಮರೆಪ್ಪ ತನ್ನ ಅಂಗಡಿಯಿಂದ ತೆಂಗಿನಕಾಯಿ ತಂದು ಸಾಮಾನಿನ ಗಾಡಿಯ ಮುಂದೆ ಒಡೆದ.

ಅದರ ಮರುವರ್ಷ ನನಗೆ ಬೀದರಿಗೆ ವರ್ಗವಾಯಿತು. ಹೊಸ ಊರು, ಹೊಸ ಶಾಲೆ. ಅಲ್ಲಿಂದ ಮಲ್ಕಮ್ಮನಿಗೆ ಮೊದಲ ಸಲ ಇ-ಮೇಲ್ ಬರೆದೆ. ನಾನು ಕನ್ನಡ ಕಲಿಸುವವಳು. ರೂಢಿಯಂತೆ ಕ್ಷೇಮ, ತಮ್ಮ ಕುಶಲಕ್ಕೆ ಬರೆಯಿರಿ ಎಂದು ಶುರುಮಾಡಿ, ನಡುವೆ ಊರಿನ ವರ್ಣನೆ, ಕೊನೆಗೆ ಶುಭಾಶಯ ಹಾಕಿ ಮುಗಿಸಿದೆ.

ಸ್ವಲ್ಪ ಹೊತ್ತಿಗೇ ಉತ್ತರ ಬಂತು.

"ಅಕ್ಕೋರೆ, ಪತ್ರ ಬರೀಬ್ಯಾಡ್ರಿ. ಮಾತಾಡ್ರಿ."

ನಾನು ಕುರ್ಚಿ ಸರಿಸಿಕೊಂಡು ಕೂತೆ. ಮುಂಜಾನೆಯಿಂದ ನಳದಲ್ಲಿ ನೀರು ಬಂದಿಲ್ಲ, ಹೆಡ್ ಮಾಸ್ತರು ಸಿಡುಕ ಮನುಷ್ಯ, ಪಕ್ಕದ ಮನೆಯವಳು ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಕೆಮ್ಮು ಶುರುವಾಗುತ್ತದೆ ಎಂದು ಬರೆಯುತ್ತ ಹೋದೆ. ಹೆಡ್ ಮಾಸ್ತರರ ಹೆಸರೇನು ಎಂದು ಆಕೆ ತಿರುಗಿ ಕೇಳಿದಳು.